ಬಿಟ್ಟುಹೋದ ಪ್ರಾಣಿಗೆ ಮನೆ ಹುಡುಕುವ ಬಗೆ: ಆಶ್ರಯತಾಣ ನಡೆಸುವವರಿಗೊಂದು ಕೈಪಿಡಿ

ಪ್ರಾಣಿಗಳ ಆಶ್ರಯತಾಣ ನಡೆಸುವವರು ಸಾಮಾನ್ಯವಾಗಿ ಮೊದಲು ರಕ್ಷಣೆ, ಆಮೇಲೆ ಚಿಕಿತ್ಸೆ, ಅದೆಲ್ಲ ಮುಗಿದ ಮೇಲೆ ಮನೆ ಹುಡುಕುವ ಕೆಲಸ ಎಂಬ ಅನುಕ್ರಮದಲ್ಲಿ ಯೋಚಿಸುತ್ತಾರೆ. ನಾನೂ ಬಹಳ ಕಾಲ ಹಾಗೆಯೇ ಯೋಚಿಸುತ್ತಿದ್ದೆ. ಪ್ರಾಣಿಯನ್ನು ಒಳಗೆ ಕರೆತರುವುದಕ್ಕಿಂತ ಒಳ್ಳೆಯ ಮನೆಗೆ ಕಳುಹಿಸುವುದೇ ಕಷ್ಟದ ಕೆಲಸವೆಂದು ಮನವರಿಕೆಯಾದ ಮೇಲೆ, ಮನೆ ಹುಡುಕುವ ಕೆಲಸ ಪ್ರಾಣಿ ಗೇಟಿನೊಳಗೆ ಬಂದ ದಿನವೇ ಆರಂಭವಾಗಬೇಕು ಎಂಬ ನಿಲುವಿಗೆ ಬಂದಿದ್ದೇನೆ. ಆಶ್ರಯತಾಣದಲ್ಲಿ ಕಳೆಯುವ ಪ್ರತಿಯೊಂದು ದಿನವೂ ಪ್ರಾಣಿಯ ಆರೋಗ್ಯ, ನಡವಳಿಕೆ ಮತ್ತು ನಂಬಿಕೆಯಿಂದ ಸ್ವಲ್ಪ ಸ್ವಲ್ಪವಾಗಿ ಏನನ್ನೋ ಕಿತ್ತುಕೊಳ್ಳುತ್ತದೆ. ಈ ಬರಹದ ಉದ್ದಕ್ಕೂ ಹೇಳಲಿರುವುದೆಲ್ಲ ಆ ದಿನಗಳನ್ನು ಕಡಿಮೆ ಮಾಡುವುದು ಹೇಗೆ, ಕಡಿಮೆ ಮಾಡಲಾಗದಿದ್ದಾಗ ಅವನ್ನು ಸಹನೀಯವಾಗಿಸುವುದು ಹೇಗೆ ಎಂಬುದರ ಬಗ್ಗೆ.

ಮೊದಲು ಒಂದು ಗುಣಾಕಾರ

ದಿನಕ್ಕೆ ಸರಾಸರಿ ಎಷ್ಟು ಪ್ರಾಣಿಗಳು ಒಳಗೆ ಬರುತ್ತವೆ ಎಂಬುದನ್ನು ಒಂದು ಪ್ರಾಣಿ ಸರಾಸರಿ ಎಷ್ಟು ದಿನ ಉಳಿಯುತ್ತದೆ ಎಂಬುದರಿಂದ ಗುಣಿಸಿದರೆ ಯಾವುದೇ ದಿನ ನಿಮ್ಮಲ್ಲಿ ಇರುವ ಪ್ರಾಣಿಗಳ ಸಂಖ್ಯೆ ಸಿಗುತ್ತದೆ. ದಿನಕ್ಕೆ 2 ಪ್ರಾಣಿಗಳು ಬಂದು ಒಂದೊಂದೂ 45 ದಿನ ಉಳಿದರೆ ನಿಮ್ಮಲ್ಲಿ ಸದಾ 90 ಪ್ರಾಣಿಗಳಿರುತ್ತವೆ. ಅದೇ ಎರಡು ಪ್ರಾಣಿಗಳು 30 ದಿನಗಳಲ್ಲಿ ಮನೆ ಸೇರುವಂತಾದರೆ ಇರುವುದು 60 ಮಾತ್ರ. ವರ್ಷಕ್ಕೆ ನೀವು ಕಾಪಾಡಿದ ಪ್ರಾಣಿಗಳ ಸಂಖ್ಯೆಯಲ್ಲಿ ಒಂದೂ ಕಡಿಮೆಯಾಗಲಿಲ್ಲ. ಆದರೆ ಗುಡಿಸಬೇಕಾದ ಗೂಡುಗಳು, ತುಂಬಬೇಕಾದ ಬಟ್ಟಲುಗಳು, ರೋಗ ಹರಡಬಹುದಾದ ಮೂಗುಗಳು ಮೂವತ್ತು ಕಡಿಮೆಯಾದವು. ಜಾಗ ಸಾಲುತ್ತಿಲ್ಲ, ಇನ್ನೊಂದು ಕಟ್ಟಡ ಬೇಕು ಎನ್ನುವ ಮೊದಲು ಈ ಲೆಕ್ಕವನ್ನು ನಿಮ್ಮ ದಾಖಲೆ ಪುಸ್ತಕ ಹಿಡಿದು ಮಾಡಿ ನೋಡಬೇಕು. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಸರದಿ ಸಿಗಲಿಲ್ಲ, ಫೋಟೊ ತೆಗೆಯಲು ಯಾರೂ ಬರಲಿಲ್ಲ, ಎರಡನೆಯ ಲಸಿಕೆಯ ದಿನಾಂಕ ಮರೆತುಹೋಯಿತು ಎಂಬಂಥ ಸಣ್ಣ ಕಾರಣಗಳಿಗಾಗಿ ಪ್ರಾಣಿಗಳು ವಾರಗಟ್ಟಲೆ ಸುಮ್ಮನೆ ಕಾದಿರುವುದು ಆಗ ಕಣ್ಣಿಗೆ ಬೀಳುತ್ತದೆ.

ಇದೇ ಲೆಕ್ಕದ ಇನ್ನೊಂದು ಮುಖವೆಂದರೆ ಮಿತಿ. ಎಷ್ಟು ಪ್ರಾಣಿಗಳನ್ನು ಚೆನ್ನಾಗಿ ನೋಡಿಕೊಳ್ಳಬಲ್ಲಿರಿ ಎಂಬುದನ್ನು ಗೂಡುಗಳ ಸಂಖ್ಯೆ ತೀರ್ಮಾನಿಸುವುದಿಲ್ಲ. ಕೈಗಳು, ಸಮಯ, ಹಣ ಮತ್ತು ಪಶುವೈದ್ಯರ ಲಭ್ಯತೆ ತೀರ್ಮಾನಿಸುತ್ತವೆ. ಕರುಣೆಯಿಂದಲೇ ಮಿತಿ ಮೀರಿ ತುಂಬಿಕೊಂಡು, ಕೊನೆಗೆ ಯಾವ ಪ್ರಾಣಿಯ ಹೊಟ್ಟೆಯನ್ನೂ ಸರಿಯಾಗಿ ತುಂಬಿಸಲಾಗದ ಸ್ಥಿತಿಗೆ ಬಂದ ಒಳ್ಳೆಯ ಜನರನ್ನು ನಾನು ನೋಡಿದ್ದೇನೆ. ಇಂದು ಜಾಗವಿಲ್ಲ, ಹತ್ತು ದಿನ ಬಿಟ್ಟು ಕರೆತನ್ನಿ, ಅಲ್ಲಿಯವರೆಗೆ ಹೀಗೆ ನೋಡಿಕೊಳ್ಳಿ ಎಂದು ಹೇಳಲು ಕಲಿಯುವುದು ನಿರ್ದಯತೆಯಲ್ಲ.

ಒಳಗೆ ಕರೆದುಕೊಳ್ಳುವ ಮುನ್ನ

ಮೈಯೆಲ್ಲ ಕೊಳೆಯಾಗಿ, ಹೆದರಿ ನಡುಗುತ್ತಿರುವ ನಾಯಿಯನ್ನು ಕಂಡ ತಕ್ಷಣ ಯಾರೋ ಬಿಟ್ಟುಹೋಗಿದ್ದಾರೆ ಎಂದು ನಿರ್ಧರಿಸುವುದು ಸಹಜ. ಆದರೆ ಮನೆಯಿಂದ ತಪ್ಪಿಸಿಕೊಂಡ ನಾಯಿಯೂ ನಾಲ್ಕು ದಿನಗಳಲ್ಲಿ ಹಾಗೆಯೇ ಕಾಣುತ್ತದೆ. ಆದ್ದರಿಂದ ಮೊದಲ ಕೆಲಸ ಮೈಕ್ರೋಚಿಪ್ ಇದೆಯೇ ಎಂದು ಸ್ಕ್ಯಾನರ್ ಹಿಡಿದು ನೋಡುವುದು. ಅಕ್ಕಿಕಾಳಿನಷ್ಟಿರುವ ಈ ಚಿಪ್ಪನ್ನು ಭುಜದ ಮೂಳೆಗಳ ನಡುವೆ ಚರ್ಮದ ಕೆಳಗೆ ಹಾಕಿರುತ್ತಾರಾದರೂ, ಕಾಲಕ್ರಮೇಣ ಅದು ಭುಜದ ಕಡೆಗೋ ಎದೆಯ ಕಡೆಗೋ ಜಾರಿರುವುದುಂಟು. ಹಾಗಾಗಿ ಇಡೀ ಮೈಯ ಮೇಲೆ ನಿಧಾನವಾಗಿ ಎರಡು ಸಲ ಆಡಿಸಬೇಕು. ಅಂತರರಾಷ್ಟ್ರೀಯ ಮಾನದಂಡದ ಚಿಪ್ಪಿನಲ್ಲಿ 15 ಅಂಕಿಗಳ ಒಂದು ಸಂಖ್ಯೆ ಮಾತ್ರ ಇರುತ್ತದೆ. ಪ್ರಾಣಿ ಎಲ್ಲಿದೆ ಎಂದು ಅದು ತೋರಿಸುವುದಿಲ್ಲ, ಮಾಲೀಕರ ವಿಳಾಸವೂ ಅದರೊಳಗೆ ಇರುವುದಿಲ್ಲ. ಆ ಸಂಖ್ಯೆಯನ್ನು ನೋಂದಣಿಯ ದಾಖಲೆಯೊಂದಿಗೆ ತಾಳೆ ನೋಡಿದಾಗಲಷ್ಟೇ ಮನೆಯ ಸುಳಿವು ಸಿಗುತ್ತದೆ. ಸಿಕ್ಕ ಜಾಗದ ಸುತ್ತಮುತ್ತ ವಿಚಾರಿಸಿ, ನಿಮ್ಮ ಪ್ರದೇಶದ ಕಾನೂನು ಎಷ್ಟು ದಿನ ಕಾಯಬೇಕೆಂದು ಹೇಳುತ್ತದೆಯೋ ಅಷ್ಟು ದಿನ ಕಾಯಬೇಕು. ಹಳೆಯ ಮನೆ ಸಿಕ್ಕಿದರೆ ಹೊಸ ಮನೆ ಹುಡುಕುವ ಕೆಲಸವೇ ಇಲ್ಲ.

ಕಣ್ಣು ಬಿಡದ ಬೆಕ್ಕಿನ ಮರಿಗಳನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಬರುವವರಿಗೂ ಇದೇ ಮಾತು. ತಾಯಿ ಆಹಾರ ಹುಡುಕಿಕೊಂಡು ಹೋಗಿರಬಹುದು, ಅಥವಾ ಮರಿಗಳನ್ನು ಒಂದೊಂದಾಗಿ ಸುರಕ್ಷಿತ ಜಾಗಕ್ಕೆ ಸಾಗಿಸುತ್ತಿರಬಹುದು. ಮರಿಗಳ ಮೈ ಬೆಚ್ಚಗಿದ್ದು, ಅವು ಸುಮ್ಮನೆ ಒಂದರ ಮೇಲೊಂದು ಮಲಗಿದ್ದರೆ ತಾಯಿ ಹತ್ತಿರದಲ್ಲೇ ಇದ್ದಾಳೆ ಎಂದು ತಿಳಿದು, ದೂರ ನಿಂತು ಕೆಲವು ಗಂಟೆ ಕಾಯಬೇಕು. ಮರಿಗಳು ತಣ್ಣಗಾಗಿ, ಬಿಡದೆ ಅರಚುತ್ತಿದ್ದರೆ, ಅಥವಾ ಇರುವ ಜಾಗವೇ ಅಪಾಯದ್ದಾಗಿದ್ದರೆ ಮಾತ್ರ ಕೈಹಾಕಬೇಕು. ಹಾಗೆ ತಂದ ಮರಿಗೆ ಮೊದಲು ಬೇಕಾದುದು ಹಾಲಲ್ಲ, ಬಿಸುಪು. ಮೈ ತಣ್ಣಗಿರುವ ಮರಿಗೆ ಹಾಲು ಜೀರ್ಣವಾಗುವುದಿಲ್ಲ, ಪ್ರಾಣಕ್ಕೇ ಕುತ್ತಾಗಬಹುದು. ಮೈ ಬೆಚ್ಚಗಾದ ಮೇಲೆ, ಹಸುವಿನ ಹಾಲು ಕೊಡದೆ, ಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿಯನ್ನು ಕಲಸಿ, ಮರಿಯನ್ನು ಹೊಟ್ಟೆಯ ಮೇಲೆ ಮಲಗಿಸಿ ಕುಡಿಸಬೇಕು. ಮಗುವಿನಂತೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುವ ಭಯವಿದೆ.

ಇನ್ನು, ಸಾಕಿದ ಪ್ರಾಣಿಯನ್ನು ಬಿಟ್ಟುಹೋಗಲು ತಾವೇ ಬರುವವರಿದ್ದಾರೆ. ಅವರನ್ನು ಗದರಿಸಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ಗದರಿಸಿದರೆ ಮುಂದಿನ ಸಲ ಅವರು ನಿಮ್ಮ ಬಾಗಿಲಿಗೆ ಬರುವುದಿಲ್ಲ, ರಾತ್ರಿಯಲ್ಲಿ ರಸ್ತೆಬದಿಗೆ ಹೋಗುತ್ತಾರೆ. ಕುಳ್ಳಿರಿಸಿ, ನೀರು ಕೊಟ್ಟು, ಏಕೆ ಬಿಡಬೇಕಾಗಿದೆ ಎಂದು ಕೇಳಿದರೆ ಎಷ್ಟೋ ಸಲ ಪರಿಹಾರವಿರುವ ಕಾರಣ ಹೊರಬರುತ್ತದೆ. ಚಿಕಿತ್ಸೆಗೆ ಹಣವಿಲ್ಲದಿರಬಹುದು, ಮನೆಯಲ್ಲಿ ಯಾರೋ ಆಸ್ಪತ್ರೆ ಸೇರಿರಬಹುದು, ನಾಯಿ ವಸ್ತುಗಳನ್ನು ಕಚ್ಚಿ ಹಾಳು ಮಾಡುತ್ತಿರಬಹುದು. ಒಂದು ತಿಂಗಳ ತಾತ್ಕಾಲಿಕ ವ್ಯವಸ್ಥೆಯಿಂದಲೋ, ನಡವಳಿಕೆ ತಿದ್ದುವವರ ಎರಡು ಭೇಟಿಗಳಿಂದಲೋ ಆ ಪ್ರಾಣಿ ತನ್ನ ಮನೆಯಲ್ಲೇ ಉಳಿಯಬಹುದು. ಉಳಿಯಲಾಗದು ಎಂದು ಖಚಿತವಾದರೆ ಆಗ ಅವರಿಂದ ಪಡೆಯಬೇಕಾದದ್ದು ಮಾಹಿತಿ. ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಯಾವ ಹೆಸರಿಗೆ ಓಗೊಡುತ್ತದೆ, ಮಕ್ಕಳೊಂದಿಗೆ ಹೇಗಿರುತ್ತದೆ, ಯಾರನ್ನಾದರೂ ಕಚ್ಚಿದೆಯೇ ಎಂಬ ಅರ್ಧ ಗಂಟೆಯ ಮಾತು, ಮುಂದೆ ನೀವು ಮೂರು ವಾರ ಗಮನಿಸಿ ತಿಳಿಯುವುದಕ್ಕಿಂತ ಹೆಚ್ಚಿನದನ್ನು ತಿಳಿಸುತ್ತದೆ.

ಮೊದಲ ದಿನದ ಆರೋಗ್ಯ

ಲಸಿಕೆಯನ್ನು ನಾಳೆಗೆ ಮುಂದೂಡಬಾರದು. ನಾಯಿಗಳಿಗೆ ಡಿಸ್ಟೆಂಪರ್ ಮತ್ತು ಪಾರ್ವೊ, ಬೆಕ್ಕುಗಳಿಗೆ ಪ್ಯಾನ್‌ಲ್ಯೂಕೋಪೀನಿಯ ಎಂಬ ಮಾರಕ ಸಾಂಕ್ರಾಮಿಕ ರೋಗಗಳು ಆಶ್ರಯತಾಣಗಳ ಮುಖ್ಯ ಶತ್ರುಗಳು. ಇವುಗಳ ಲಸಿಕೆಯನ್ನು ಪ್ರಾಣಿ ಒಳಗೆ ಬಂದ ಗಳಿಗೆಯಲ್ಲೇ ಕೊಡಿಸುವುದು ಪಶುವೈದ್ಯರ ಸಾಮಾನ್ಯ ಸಲಹೆ. ಮನೆಯಲ್ಲಿ ಬೆಳೆಯುವ ಮರಿಗಿಂತ ಇಲ್ಲಿಯ ಮರಿಗೆ ಅಪಾಯ ಹೆಚ್ಚಿರುವುದರಿಂದ 4ರಿಂದ 6 ವಾರದ ವಯಸ್ಸಿನಲ್ಲೇ ಆರಂಭಿಸಿ, ಎರಡು ವಾರಕ್ಕೊಮ್ಮೆಯಂತೆ ಸುಮಾರು 20 ವಾರ ತುಂಬುವವರೆಗೆ ಮುಂದುವರಿಸುತ್ತಾರೆ. ಪಾರ್ವೊ ಸೋಂಕು ತಗುಲಿದ ನಾಯಿಮರಿಯಲ್ಲಿ ಲಕ್ಷಣ ಕಾಣಿಸಿಕೊಳ್ಳಲು ಹೆಚ್ಚಾಗಿ ಒಂದು ವಾರ, ಕೆಲವೊಮ್ಮೆ ಎರಡು ವಾರ ಬೇಕು. ಹೊಸದಾಗಿ ಬಂದ ಮರಿಯನ್ನು ಹಳೆಯ ಮರಿಗಳ ಜತೆ ಕೂಡಲೇ ಬಿಡಬಾರದು ಎನ್ನುವುದು ಇದೇ ಕಾರಣಕ್ಕೆ.

ಪಾರ್ವೊ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಸಾಮಾನ್ಯ ಸಾಬೂನಿಗೆ ಜಗ್ಗುವುದಿಲ್ಲ. ಮನೆಬಳಕೆಯ ಬ್ಲೀಚ್ ದ್ರಾವಣವನ್ನು 1 ಭಾಗಕ್ಕೆ 32 ಭಾಗ ನೀರಿನಂತೆ ಬೆರೆಸಿ, ಹತ್ತು ನಿಮಿಷ ನೆಲದ ಮೇಲೆ ಉಳಿಯಲು ಬಿಡಬೇಕು. ಆದರೆ ಮಲ, ಮಣ್ಣು ಮೊದಲಾದವು ಉಳಿದಿರುವ ಜಾಗದಲ್ಲಿ ಬ್ಲೀಚ್ ಕೆಲಸ ಮಾಡುವುದಿಲ್ಲವಾದ್ದರಿಂದ ಮೊದಲು ಸಾಬೂನಿನಿಂದ ತೊಳೆದು ಆಮೇಲೆ ಬ್ಲೀಚ್ ಹಾಕಬೇಕು. ಗುಡಿಸುವ, ತೊಳೆಯುವ ಕೆಲಸ ಆರೋಗ್ಯವಂತ ಮರಿಗಳ ಗೂಡಿನಿಂದ ಆರಂಭವಾಗಿ ರೋಗಿಗಳ ಗೂಡಿನಲ್ಲಿ ಮುಗಿಯಬೇಕೇ ಹೊರತು ಎಂದಿಗೂ ಹಿಮ್ಮುಖವಾಗಿ ನಡೆಯಬಾರದು. ಬೆಕ್ಕುಗಳಿರುವ ಕೋಣೆಯಲ್ಲಿ ಫಿನಾಯಿಲ್ ಬಳಸಲೇಬಾರದು. ಫೀನಾಲ್ ಬೆರೆತ ದ್ರಾವಣಗಳು ಬೆಕ್ಕಿಗೆ ವಿಷ. ನಾಯಿಯ ಮೈಮೇಲಿನ ಉಣ್ಣಿಗೆ ಹಾಕುವ ಪರ್ಮೆಥ್ರಿನ್ ಔಷಧಿ, ಮನುಷ್ಯರ ಜ್ವರಕ್ಕೆ ಕೊಡುವ ಪ್ಯಾರಸಿಟಮಾಲ್ ಇವೆರಡೂ ಬೆಕ್ಕಿನ ಜೀವ ತೆಗೆಯಬಲ್ಲವು. ಹೊಸ ಸ್ವಯಂಸೇವಕರಿಗೆ ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದು ಅಂಟಿಸಬೇಕು.

ಮೂಳೆ ಕಾಣುವಷ್ಟು ಬಡವಾದ ನಾಯಿಗೆ ಬಟ್ಟಲು ತುಂಬ ಊಟ ಇಡಬೇಕೆನಿಸುತ್ತದೆ. ಬಹುಕಾಲ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಹೆಚ್ಚು ಆಹಾರ ಬಿದ್ದರೆ ರಕ್ತದಲ್ಲಿನ ಲವಣಾಂಶಗಳು ಏರುಪೇರಾಗಿ ಸಾವು ಸಂಭವಿಸಬಹುದು. ಪಶುವೈದ್ಯರು ಹೇಳಿದ ಅಳತೆಯಲ್ಲಿ, ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಹಲವು ಸಲ ಕೊಟ್ಟು ನಿಧಾನವಾಗಿ ಹೆಚ್ಚಿಸಬೇಕು. ಬೆಕ್ಕಿನ ವಿಷಯದಲ್ಲಿ ಗಮನ ಇನ್ನೊಂದು ಕಡೆ ಇರಬೇಕು. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ಸೇರಿ ಜೀವಕ್ಕೆ ಅಪಾಯವಾಗುತ್ತದೆ. ದಪ್ಪಗಿರುವ ಬೆಕ್ಕಿಗಂತೂ ಈ ಅಪಾಯ ಇನ್ನೂ ಹೆಚ್ಚು. ಹೆದರಿಕೆಯಿಂದ ತಿನ್ನುತ್ತಿಲ್ಲ, ತಾನಾಗಿಯೇ ತಿನ್ನುತ್ತದೆ ಎಂದು ಬಿಟ್ಟುಬಿಡಬಾರದು.

ಸಂತಾನಹರಣ ಶಸ್ತ್ರಚಿಕಿತ್ಸೆ ಆಗದೆ ಯಾವ ಪ್ರಾಣಿಯೂ ದತ್ತು ಹೋಗಬಾರದು ಎಂಬ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಬೆಕ್ಕು ನಾಲ್ಕನೆಯ ತಿಂಗಳಿಗೇ ಬೆದೆಗೆ ಬರಬಹುದು, ಸುಮಾರು 63 ದಿನಗಳಲ್ಲಿ ಮರಿ ಹಾಕುತ್ತದೆ. ಮುಂದಿನ ತಿಂಗಳು ಮಾಡಿಸುತ್ತೇವೆ ಎಂದು ನಿಜವಾದ ಮನಸ್ಸಿನಿಂದ ಮಾತು ಕೊಟ್ಟವರ ಮನೆಯಿಂದಲೇ ಮರಿಗಳ ಪೆಟ್ಟಿಗೆ ನಮ್ಮ ಬಾಗಿಲಿಗೆ ಬಂದಿದೆ. ಶಸ್ತ್ರಚಿಕಿತ್ಸೆಗೆ ಮರಿ ತೀರ ಚಿಕ್ಕದೆಂದು ವೈದ್ಯರು ಹೇಳಿದರೆ, ದಿನಾಂಕ ಗೊತ್ತುಮಾಡಿ ಅದು ಮುಗಿಯುವವರೆಗೆ ಆ ಮನೆಯನ್ನು ತಾತ್ಕಾಲಿಕ ಪಾಲನೆಯ ಮನೆಯೆಂದೇ ದಾಖಲಿಸುವುದು ಒಳ್ಳೆಯ ಉಪಾಯ.

ಕಾಯುವ ದಿನಗಳು

ನಾಯಿಗಳ ಕೆನಲ್‌ಗಳಲ್ಲಿ ಬೊಗಳುವಿಕೆಯ ಸದ್ದು 100 ಡೆಸಿಬಲ್ ದಾಟುವುದು ಸಾಮಾನ್ಯ. ನಮಗಿಂತ ಎಷ್ಟೋ ಪಟ್ಟು ಸೂಕ್ಷ್ಮವಾದ ಕಿವಿಯ ಪ್ರಾಣಿ ಆ ಸದ್ದಿನ ನಡುವೆ ಹಗಲೂ ಇರುಳೂ ಇರುತ್ತದೆ. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಮೊದಲ ಮೂರು ದಿನಗಳಲ್ಲಿ ಅತಿ ಹೆಚ್ಚಿರುತ್ತದೆ ಎಂಬುದನ್ನು ಸಂಶೋಧಕರು ಅಳೆದು ನೋಡಿದ್ದಾರೆ. ಒಬ್ಬ ಮನುಷ್ಯ ಪಕ್ಕದಲ್ಲಿ ಕುಳಿತು ಮೈ ಸವರಿದಾಗ ಅದು ಇಳಿಯುವುದನ್ನೂ, ಒಂದೆರಡು ರಾತ್ರಿ ಯಾರದಾದರೂ ಮನೆಯಲ್ಲಿ ಮಲಗಿ ಬಂದಾಗ ಆ ಅವಧಿಯಲ್ಲಿ ಮತ್ತಷ್ಟು ಇಳಿಯುವುದನ್ನೂ ಕಂಡಿದ್ದಾರೆ. ಆದ್ದರಿಂದ ಸ್ವಯಂಸೇವಕರು ಬಂದು ಏನು ಮಾಡಲಿ ಎಂದು ಕೇಳಿದರೆ ಪೊರಕೆ ಕೊಡುವುದಷ್ಟೇ ಅಲ್ಲದೆ, ಇಪ್ಪತ್ತು ನಿಮಿಷ ಈ ನಾಯಿಯ ಜತೆ ಸುಮ್ಮನೆ ಕುಳಿತುಕೊಳ್ಳಿ ಎನ್ನುವುದನ್ನೂ ಒಂದು ಕೆಲಸವೆಂದೇ ಹಂಚಬೇಕು.

ಬೆಕ್ಕಿಗೆ ಬೇಕಾದುದು ಅಡಗಲು ಒಂದು ಜಾಗ. ಒಮ್ಮೆ ನಮ್ಮಲ್ಲಿಗೆ ಬಂದ ಬೂದು ಬಣ್ಣದ ಒಂದು ಬೆಕ್ಕು ಎರಡು ದಿನ ಮಲಮೂತ್ರಕ್ಕೆಂದು ಇಟ್ಟ ಲಿಟರ್ ಟ್ರೇಯೊಳಗೇ, ಗೋಡೆಗೆ ಮುಖ ಮಾಡಿ ಕುಳಿತಿತ್ತು. ಕೊಳಕು ಸ್ವಭಾವದ ಬೆಕ್ಕೆಂದು ಯಾರೋ ಅಂದರು. ಆ ಇಡೀ ಪಂಜರದಲ್ಲಿ ಅಂಚಿದ್ದ ವಸ್ತು ಅದೊಂದೇ ಆಗಿತ್ತು; ನಾಲ್ಕು ಇಂಚಿನ ಆ ಅಂಚಿನ ಹಿಂದೆ ಅದು ತನ್ನನ್ನು ಮರೆಮಾಡಿಕೊಂಡಿತ್ತು. ಔಷಧಿ ಬಂದಿದ್ದ ರಟ್ಟಿನ ಪೆಟ್ಟಿಗೆಯೊಂದನ್ನು ಅಡ್ಡ ಮಲಗಿಸಿ, ಒಳಗೆ ಒಂದು ಟವೆಲ್ ಹಾಸಿ ಇಟ್ಟೆವು. ಸಂಜೆಗೆ ಟ್ರೇ ಖಾಲಿಯಾಗಿತ್ತು. ಮರುದಿನ ಬೆಳಗ್ಗೆ ಬಟ್ಟಲಿನಲ್ಲಿದ್ದ ಊಟ ಅರ್ಧ ಮುಗಿದಿತ್ತು. ಅದರ ಮರುದಿನ ಪೆಟ್ಟಿಗೆಯ ಬಾಯಿಯಲ್ಲಿ ಮೂಗೂ ಎರಡು ಮುಂಗಾಲೂ ಕಾಣಿಸಿದವು. ಅಡಗಲು ಜಾಗವಿದ್ದರೆ ನೋಡಲು ಬಂದವರಿಗೆ ಬೆಕ್ಕು ಕಾಣುವುದಿಲ್ಲವಲ್ಲ ಎಂಬ ಆಕ್ಷೇಪವಿದೆ. ಅಡಗಬಲ್ಲೆ ಎಂಬ ಧೈರ್ಯವಿರುವ ಬೆಕ್ಕೇ ಬೇಗ ಹೊರಗೆ ಬರುತ್ತದೆ ಎಂಬುದು ನನ್ನ ಅನುಭವ.

ಮರಿಗಳ ವಿಷಯದಲ್ಲಿ ಕಾಲ ಇನ್ನೂ ಅಮೂಲ್ಯ. ನಾಯಿಮರಿ ಸುಮಾರು 3ರಿಂದ 14 ವಾರಗಳ ನಡುವೆ, ಬೆಕ್ಕಿನ ಮರಿ 2ರಿಂದ 7 ವಾರಗಳ ನಡುವೆ ಕಂಡದ್ದನ್ನು, ಕೇಳಿದ್ದನ್ನು, ಮುಟ್ಟಿಸಿಕೊಂಡದ್ದನ್ನು ಲೋಕದ ಸಹಜ ಭಾಗವೆಂದು ಒಪ್ಪಿಕೊಳ್ಳುತ್ತದೆ. ಆ ಅವಧಿಯನ್ನು ಸಿಮೆಂಟಿನ ಗೂಡಿನಲ್ಲಿ ಕಳೆದ ಮರಿ ಆಮೇಲೆ ಮಿಕ್ಸರ್ ಸದ್ದಿಗೂ ಮಕ್ಕಳ ಓಟಕ್ಕೂ ಬೆಚ್ಚುತ್ತದೆ. ಆದ್ದರಿಂದ ಮರಿಗಳಿಗೆ, ಬಾಣಂತಿ ತಾಯಿಗಳಿಗೆ, ಮುದಿ ಪ್ರಾಣಿಗಳಿಗೆ, ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿರುವವಕ್ಕೆ ತಾತ್ಕಾಲಿಕ ಪಾಲನೆಯ ಮನೆಗಳೇ ಸರಿಯಾದ ಜಾಗ. ಸ್ವಂತ ಕಟ್ಟಡವಿಲ್ಲದ ಎಷ್ಟೋ ರಕ್ಷಣಾ ತಂಡಗಳು ಇಂಥ ಮನೆಗಳ ಜಾಲವೊಂದನ್ನೇ ನಂಬಿ ನಡೆಯುತ್ತವೆ. ಅಂಥ ಮನೆಯವರಿಗೆ ಆಹಾರ, ಔಷಧಿ, ವೈದ್ಯರ ಖರ್ಚು ನಿಮ್ಮದೇ ಎಂದು ಮೊದಲೇ ಸ್ಪಷ್ಟಪಡಿಸಿ, ಎಷ್ಟು ವಾರ ಎಂದು ದಿನಾಂಕ ಹೇಳಿ, ಆ ದಿನಾಂಕಕ್ಕೆ ತಪ್ಪದೆ ನಡೆದುಕೊಳ್ಳಬೇಕು. ಎರಡು ವಾರವೆಂದು ಹೇಳಿ ಆರು ತಿಂಗಳು ಉಳಿಸಿದರೆ ಒಬ್ಬ ಒಳ್ಳೆಯ ಪಾಲಕರನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತೀರಿ.

ಮನುಷ್ಯರ ಸಹವಾಸವಿಲ್ಲದೆ ಬೆಳೆದು ದೊಡ್ಡದಾದ ಬೆಕ್ಕುಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಅವಕ್ಕೆ ಗೋಡೆಗಳ ನಡುವಿನ ಬದುಕೇ ಶಿಕ್ಷೆ. ಹಿಡಿದು, ಸಂತಾನಹರಣ ಮಾಡಿಸಿ, ಲಸಿಕೆ ಹಾಕಿಸಿ, ಗುರುತಿಗೆ ಕಿವಿಯ ತುದಿ ಕತ್ತರಿಸಿ, ಅವುಗಳ ಜಾಗಕ್ಕೇ ಮರಳಿ ಬಿಡುವುದು ಉಚಿತ.

ಪರಿಚಯ ಬರೆಯುವುದು

ಫೋಟೊ ತೆಗೆಯುವಾಗ ಸರಳುಗಳ ಹಿಂದೆ ನಿಲ್ಲಿಸಬಾರದು. ಹೊರಗೆ, ಬೆಳಗಿನ ಅಥವಾ ಸಂಜೆಯ ಬೆಳಕಿನಲ್ಲಿ, ನೀವೇ ನೆಲಕ್ಕೆ ಕುಳಿತು ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಹಿಡಿಯಬೇಕು. ಕಪ್ಪು ಬಣ್ಣದ ಪ್ರಾಣಿಗೆ ಫ್ಲಾಶ್ ಬಳಸದೆ, ನೆರಳಿನಲ್ಲಿ ಸಾಕಷ್ಟು ಬೆಳಕಿರುವ ಜಾಗ ಹುಡುಕಿದರೆ ಮುಖದ ಭಾವ ಕಾಣುತ್ತದೆ. ಪಕ್ಕದಲ್ಲಿ ಒಬ್ಬ ಮನುಷ್ಯ ಇದ್ದರೆ ಪ್ರಾಣಿ ಎಷ್ಟು ದೊಡ್ಡದೆಂಬ ಅಂದಾಜೂ ಸಿಗುತ್ತದೆ.

ಇನ್ನು ಬರಹ. ತಳಿ ಗೊತ್ತಿಲ್ಲದ ನಾಯಿಯ ಮುಖ ನೋಡಿ ತಳಿಯ ಹೆಸರು ಬರೆಯುವ ಅಭ್ಯಾಸವನ್ನು ಬಿಡುವುದು ಒಳ್ಳೆಯದು. ಡಿಎನ್‌ಎ ಪರೀಕ್ಷೆಯ ಮುಂದೆ ಇಂಥ ಊಹೆಗಳು ಮತ್ತೆ ಮತ್ತೆ ಸುಳ್ಳಾಗಿವೆ, ಮತ್ತು ತಪ್ಪು ಹೆಸರು ತಪ್ಪು ನಿರೀಕ್ಷೆಯನ್ನು ಹುಟ್ಟಿಸುತ್ತದೆ. ಹಾಗೆಯೇ, ಪಾಪ, ಮುದ್ದು, ತುಂಬ ಪ್ರೀತಿಯ ನಾಯಿ ಎಂಬ ಮಾತುಗಳು ಎಲ್ಲ ನಾಯಿಗಳಿಗೂ ಹೊಂದುತ್ತವೆಯಾದ್ದರಿಂದ ಯಾವ ನಾಯಿಯ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಊಟದ ಬಟ್ಟಲನ್ನು ಮೂತಿಯಿಂದ ತಳ್ಳಿಕೊಂಡು ಬಂದು ಮನುಷ್ಯರ ಪಕ್ಕದಲ್ಲಿಟ್ಟುಕೊಂಡೇ ತಿನ್ನುತ್ತದೆ ಎಂದು ಬರೆದರೆ ಓದಿದವರ ಕಣ್ಣ ಮುಂದೆ ಒಂದು ನಾಯಿ ನಿಲ್ಲುತ್ತದೆ. ಅದನ್ನು ಬರೆಯಬೇಕಾದರೆ ಅದರ ಜತೆ ಕುಳಿತಿರಬೇಕು, ಅಷ್ಟೆ.

ಕಷ್ಟದ ಸಂಗತಿಯನ್ನು ಮುಚ್ಚಿಡಲೇಬಾರದು. ಒಂಟಿಯಾಗಿ ಬಿಟ್ಟರೆ ಅಳುವ ನಾಯಿಯ ಪರಿಚಯದಲ್ಲಿ ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದು ನಾವು ಒಮ್ಮೆ ಮನೆ ಹುಡುಕಿದೆವು. ದಿನವಿಡೀ ಕೆಲಸಕ್ಕೆ ಹೋಗುವವರ ಮನೆ. ಒಂಬತ್ತು ದಿನಕ್ಕೆ ನಾಯಿ ಮರಳಿ ಬಂತು. ತಪ್ಪು ಆ ಮನೆಯವರದಲ್ಲ, ನಮ್ಮದು. ಮನೆಯಲ್ಲಿ ಸದಾ ಯಾರಾದರೂ ಇರಬೇಕು ಎಂಬ ಒಂದು ವಾಕ್ಯ ನೂರು ಜನರನ್ನು ದೂರ ಮಾಡುತ್ತದೆಂದು ನಾವು ಹೆದರಿದ್ದೆವು. ದೂರ ಮಾಡಬೇಕಾದದ್ದೂ ಅವರನ್ನೇ ತಾನೆ. ನಾಯಿಗೆ ಬೇಕಿದ್ದದ್ದು ಒಂದೇ ಮನೆ.

ಅದೇ ರೀತಿ ಒಂದೇ ಪರೀಕ್ಷೆಯನ್ನು ನಂಬಿ ಹಣೆಪಟ್ಟಿ ಹಚ್ಚುವುದೂ ಅಪಾಯಕಾರಿ. ಆಶ್ರಯತಾಣದಲ್ಲಿ ಊಟದ ಬಟ್ಟಲಿನ ಬಳಿ ಗುರುಗುಟ್ಟಿದ ನಾಯಿಗಳಲ್ಲಿ ಅನೇಕವು ಮನೆ ಸೇರಿದ ಮೇಲೆ ಹಾಗೆ ಮಾಡುವುದಿಲ್ಲ, ಇಲ್ಲಿ ಸುಮ್ಮನಿದ್ದ ಕೆಲವು ಅಲ್ಲಿ ಗುರುಗುಟ್ಟುತ್ತವೆ. ಯಾವ ಸಂದರ್ಭದಲ್ಲಿ, ಎಷ್ಟು ಸಲ, ಯಾರ ಎದುರಿಗೆ ಏನು ಮಾಡಿತು ಎಂದು ಬರೆದಿಡಬೇಕೇ ಹೊರತು ಆಕ್ರಮಣಕಾರಿ ಎಂಬ ಒಂದೇ ಪದವನ್ನಲ್ಲ. ಕಚ್ಚಿದ ಘಟನೆ ಇದ್ದರೆ ಅದನ್ನು ದಿನಾಂಕದೊಂದಿಗೆ ದಾಖಲಿಸಿ ದತ್ತು ಪಡೆಯುವವರಿಗೆ ತಿಳಿಸುವುದು ಕಡ್ಡಾಯ. ಕಚ್ಚಿಸಿಕೊಂಡವರು ಗಾಯವನ್ನು ಕೂಡಲೇ ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಅದೇ ದಿನ ರೇಬೀಸ್ ಲಸಿಕೆಗಾಗಿ ವೈದ್ಯರ ಬಳಿಗೆ ಹೋಗಬೇಕು. ಕಚ್ಚಿದ ನಾಯಿ ಅಥವಾ ಬೆಕ್ಕನ್ನು 10 ದಿನ ಪ್ರತ್ಯೇಕವಾಗಿಟ್ಟು ಗಮನಿಸಬೇಕು. ಆ ಹತ್ತು ದಿನಗಳಲ್ಲಿ ಅದನ್ನು ಎಲ್ಲಿಗೂ ದತ್ತು ಕಳುಹಿಸಬಾರದು.

ಬಂದವರ ಜತೆ ಮಾತು

ದತ್ತು ಕೇಳಿಕೊಂಡು ಬಂದವರನ್ನು ಆರೋಪಿಗಳಂತೆ ನಿಲ್ಲಿಸಿ ಪ್ರಶ್ನೆ ಕೇಳುವ ಪದ್ಧತಿ ಅನೇಕ ಕಡೆ ಇದೆ. ಬಾಡಿಗೆ ಮನೆಯವರಿಗೆ ಕೊಡುವುದಿಲ್ಲ, ಅಂಗಳವಿಲ್ಲದವರಿಗೆ ಕೊಡುವುದಿಲ್ಲ, ವಯಸ್ಸಾದವರಿಗೆ ಕೊಡುವುದಿಲ್ಲ ಎಂಬ ಪಟ್ಟಿ ಉದ್ದವಾದಷ್ಟೂ ನಮ್ಮ ಪ್ರಾಣಿಗಳ ಕಾಯುವ ದಿನಗಳೂ ಉದ್ದವಾಗುತ್ತವೆ. ಇಲ್ಲಿ ಇಲ್ಲವೆನಿಸಿಕೊಂಡವರು ಪ್ರಾಣಿ ಸಾಕುವ ಆಸೆಯನ್ನು ಬಿಡುವುದಿಲ್ಲ, ಮರಿ ಮಾರುವವರ ಬಳಿಗೆ ಹೋಗುತ್ತಾರೆ. ಆದ್ದರಿಂದ ಪ್ರಶ್ನಾವಳಿಗಿಂತ ಸಂಭಾಷಣೆ ಮೇಲು. ನಿಮ್ಮ ಒಂದು ದಿನ ಹೇಗೆ ಕಳೆಯುತ್ತದೆ ಎಂದು ಹೇಳಿ ಎಂದು ಕೇಳಿದರೆ, ನಾಯಿ ಎಷ್ಟು ಹೊತ್ತು ಒಂಟಿಯಾಗಿರುತ್ತದೆ, ಯಾರು ನಡೆದಾಡಿಸುತ್ತಾರೆ, ಮನೆಯಲ್ಲಿ ಎಷ್ಟು ಗಲಾಟೆ ಎಂಬುದೆಲ್ಲ ತಾನಾಗಿಯೇ ಹೊರಬರುತ್ತದೆ. ಈ ಮೊದಲು ಸಾಕಿದ ಪ್ರಾಣಿ ಏನಾಯಿತು, ಊರಿಗೆ ಹೋಗುವಾಗ ಯಾರು ನೋಡಿಕೊಳ್ಳುತ್ತಾರೆ, ಮನೆಯ ಎಲ್ಲರೂ ಒಪ್ಪಿದ್ದಾರೆಯೇ ಎಂಬ ಮೂರನ್ನು ಮಾತ್ರ ನಾನು ನೇರವಾಗಿಯೇ ಕೇಳುತ್ತೇನೆ. ಕೊನೆಯದನ್ನು ಕೇಳಿದಾಗ ಒಂದು ಕ್ಷಣದ ಮೌನ ಬಂದರೆ, ಮನೆಯವರೆಲ್ಲರೂ ಒಮ್ಮೆ ಬಂದು ನೋಡಲಿ ಎಂದು ವಿನಯದಿಂದಲೇ ಹೇಳಿ ಕಳುಹಿಸುತ್ತೇನೆ.

ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ತರಿಸಿಕೊಳ್ಳಿ. ಮನೆಗೆ ಭೇಟಿ ಕೊಡುವುದಾದರೆ ಬಾಲ್ಕನಿಗೆ ಜಾಲರಿ ಇದೆಯೇ, ಗೇಟಿನ ಕೆಳಗೆ ಸಂದಿ ಎಷ್ಟಿದೆ, ಇಲಿಪಾಷಾಣ ಇಟ್ಟಿದ್ದಾರೆಯೇ ಎಂದು ನೋಡಿ ಸಲಹೆ ನೀಡಲು ಹೋಗಬೇಕು. ಸೋಫಾ ಎಷ್ಟು ಚೆಂದವಿದೆ ಎಂಬುದು ನಮಗೆ ಸಂಬಂಧಿಸಿದ್ದಲ್ಲ. ಮನೆಯಲ್ಲಿ ಈಗಾಗಲೇ ನಾಯಿಯಿದ್ದರೆ ಎರಡನ್ನೂ ಆ ಮನೆಯೊಳಗೆ ಎದುರುಬದುರು ಬಿಡದೆ, ಎರಡಕ್ಕೂ ಸೇರದ ಒಂದು ಜಾಗದಲ್ಲಿ ಸ್ವಲ್ಪ ಅಂತರದಲ್ಲಿ ಪಕ್ಕಪಕ್ಕಕ್ಕೆ ನಡೆಸಿ, ಆಮೇಲೆ ಹತ್ತಿರ ತರಬೇಕು. ಬೆಕ್ಕುಗಳಿಗೆ ಒಂದರ ಹಾಸಿಗೆಯನ್ನು ಇನ್ನೊಂದರ ಕೋಣೆಯಲ್ಲಿಟ್ಟು, ಮುಖಗಳಿಗಿಂತ ಮೊದಲು ವಾಸನೆಗಳ ಪರಿಚಯ ಮಾಡಿಸಬೇಕು. ಇದಕ್ಕೆ ವಾರಗಳೇ ಹಿಡಿಯಬಹುದು.

ಕಳುಹಿಸುವ ದಿನ ಮತ್ತು ಆಮೇಲೆ

ಹೊಸ ಮನೆಗೆ ಹೋದ ಮೊದಲ ಕೆಲವು ದಿನಗಳೇ ತಪ್ಪಿಸಿಕೊಳ್ಳುವ ಅಪಾಯ ಅತಿ ಹೆಚ್ಚಿರುವ ಕಾಲ. ನಾನೇ ಕಾಲರ್ ಕಟ್ಟಿ ಕಳುಹಿಸಿದ ಒಂದು ನಾಯಿ ಹೊಸ ಮನೆಯ ಹೊಸ್ತಿಲನ್ನೂ ಮುಟ್ಟಲಿಲ್ಲ. ಕಾರಿನ ಬಾಗಿಲು ತೆರೆದಾಗ ಪಕ್ಕದಲ್ಲಿ ಯಾರೋ ಗಾಡಿ ಶುರು ಮಾಡಿದರು. ನಾಯಿ ಮುಂದಕ್ಕೆ ನೆಗೆಯಲಿಲ್ಲ, ತಲೆ ತಗ್ಗಿಸಿ, ಕಿವಿಗಳನ್ನು ಹಿಂದಕ್ಕೆ ಮಡಚಿ ಎರಡು ಹೆಜ್ಜೆ ಹಿಂದೆ ಸರಿಯಿತು. ಅಷ್ಟಕ್ಕೇ ಕಾಲರ್ ಕಿವಿಗಳ ಮೇಲಿಂದ ಜಾರಿ ಬಂತು. ಕೊರಳಿಗೂ ಕಾಲರಿಗೂ ನಡುವೆ ಎರಡು ಬೆರಳು ಮಾತ್ರ ತೂರಬೇಕಿದ್ದಲ್ಲಿ, ನೋವಾಗದಿರಲಿ ಎಂದು ನಾನು ನಾಲ್ಕು ಬೆರಳಿನ ಸಡಿಲ ಬಿಟ್ಟಿದ್ದೆ. ಕೂಗುತ್ತಾ ಬೆನ್ನಟ್ಟಿದ್ದರಿಂದ ಅದು ಇನ್ನೂ ದೂರ ಓಡಿತು. ನಾಲ್ಕನೆಯ ದಿನ, ಪರಿಚಿತ ಧ್ವನಿಯ ಒಬ್ಬರೇ ನೆಲದಲ್ಲಿ ಕುಳಿತು, ಅದರ ಕಡೆ ನೋಡದೆ ಊಟ ಚೆಲ್ಲುತ್ತಾ ಕಾದ ಮೇಲೆ ಹತ್ತಿರ ಬಂತು. ಅಂದಿನಿಂದ ಕಾಲರಿಗೆ ಒಂದು, ಎದೆಪಟ್ಟಿಗೆ ಒಂದು ಎಂದು ಎರಡು ಹಗ್ಗ ಹಾಕದೆ ಯಾವ ನಾಯಿಯನ್ನೂ ಕಳುಹಿಸಿಲ್ಲ. ಬೆಕ್ಕಿಗೆ ಗಟ್ಟಿ ಕ್ಯಾರಿಯರ್ ಬೇಕು. ಮನೆಯೊಳಗೆ ಸೇರಿ, ಬಾಗಿಲು ಹಾಕಿದ ಮೇಲಷ್ಟೇ ಅದನ್ನು ತೆರೆಯಬೇಕು. ಮೈಕ್ರೋಚಿಪ್ಪಿನ ನೋಂದಣಿಯನ್ನು ಹೊಸ ಮನೆಯವರ ಹೆಸರಿಗೆ, ಅವರು ನಿಮ್ಮ ಮುಂದೆ ಇರುವಾಗಲೇ ಬದಲಾಯಿಸಿಬಿಡಬೇಕು.

ಅವರ ಕೈಗೆ ಕೊಡುವ ಕಾಗದಗಳಲ್ಲಿ ಲಸಿಕೆಯ ದಾಖಲೆ, ಶಸ್ತ್ರಚಿಕಿತ್ಸೆಯ ದಾಖಲೆ, ಮುಂದಿನ ದಿನಾಂಕಗಳು, ಈಗ ತಿನ್ನುತ್ತಿರುವ ಆಹಾರದ ವಿವರ ಇರಲಿ. ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಲೆಕ್ಕವನ್ನು ಬಾಯಲ್ಲೇ ವಿವರಿಸಿ. ಮೊದಲ ಮೂರು ದಿನ ಪ್ರಾಣಿ ಕಡಿಮೆ ತಿನ್ನಬಹುದು, ಮಂಚದ ಕೆಳಗೆ ಸೇರಬಹುದು (ಬೆಕ್ಕು ಏನನ್ನೂ ತಿನ್ನದಿದ್ದರೆ ಮಾತ್ರ ಸುಮ್ಮನೆ ಕಾಯಬಾರದು). ಮೂರು ವಾರದ ಹೊತ್ತಿಗೆ ಮನೆಯ ದಿನಚರಿ ಅರ್ಥವಾಗಿ ನಿಜವಾದ ಸ್ವಭಾವ, ತುಂಟತನವೂ ಸೇರಿ, ಹೊರಬರುತ್ತದೆ. ಇದು ನನ್ನ ಮನೆ ಎಂಬ ಭಾವನೆ ಬರಲು ಮೂರು ತಿಂಗಳಾದರೂ ಬೇಕು. ಇದು ಎಲ್ಲ ಪ್ರಾಣಿಗೂ ಅಳತೆ ಹಿಡಿದಂತೆ ಹೊಂದುವ ನಿಯಮವಲ್ಲ. ಆದರೂ ಇದನ್ನು ಕೇಳಿ ಹೋದವರು ನಾಲ್ಕನೆಯ ದಿನ ಗಾಬರಿಯಾಗಿ ಫೋನ್ ಮಾಡುವುದಿಲ್ಲ. ಮೊದಲ ವಾರ ನೆಂಟರಿಷ್ಟರನ್ನೆಲ್ಲ ಕರೆದು ತೋರಿಸಬೇಡಿ, ಸ್ನಾನ ಮಾಡಿಸಲು ಅವಸರಪಡಬೇಡಿ ಎಂದೂ ಹೇಳಬೇಕು.

ನೀವಾಗಿಯೇ ಫೋನ್ ಮಾಡುವ ದಿನಗಳೂ ಇವೇ ಆಗಿರಲಿ: ಮೂರನೆಯ ದಿನ, ಮೂರನೆಯ ವಾರ, ಮೂರನೆಯ ತಿಂಗಳು. ಎಲ್ಲ ಚೆನ್ನಾಗಿದೆಯೇ ಎಂದು ಕೇಳಿದರೆ ಹೌದು ಎಂಬ ಉತ್ತರವಷ್ಟೇ ಬರುತ್ತದೆ. ರಾತ್ರಿ ಎಲ್ಲಿ ಮಲಗುತ್ತಿದೆ, ನೀವು ಹೊರಗೆ ಹೋದಾಗ ಏನು ಮಾಡುತ್ತದೆ, ಯಾವ ಹೊತ್ತು ಕಷ್ಟವೆನಿಸುತ್ತಿದೆ ಎಂದು ಕೇಳಿದರೆ ತೊಂದರೆ ಸಣ್ಣದಿರುವಾಗಲೇ ತಿಳಿಯುತ್ತದೆ, ಸಲಹೆ ಕೊಡಲು ಸಮಯವಿರುತ್ತದೆ.

ಒಪ್ಪಂದದ ಕಾಗದದಲ್ಲಿ ಏನೇ ಇದ್ದರೂ ಇಲ್ಲದಿದ್ದರೂ ಒಂದು ಸಾಲು ಇರಲೇಬೇಕು: ಯಾವ ಕಾರಣಕ್ಕೆ, ಎಷ್ಟು ವರ್ಷಗಳ ನಂತರ ಸಾಕಲಾಗದಿದ್ದರೂ ಈ ಪ್ರಾಣಿಯನ್ನು ನಮಗೇ ಮರಳಿಸಬೇಕು, ನಾವು ತಪ್ಪದೆ ತೆಗೆದುಕೊಳ್ಳುತ್ತೇವೆ. ಇದನ್ನು ಸಹಿ ಹಾಕಿಸುವಾಗಲೇ ಜೋರಾಗಿ ಓದಿ ಹೇಳಿ, ಮರಳಿಸಲು ಬಂದರೆ ಬೈಯುವುದಿಲ್ಲ ಎಂದೂ ಸೇರಿಸಿ. ಮರಳಿ ಬಂದ ಪ್ರಾಣಿಯ ಕಡತವನ್ನು ಹೊಸದಾಗಿ ತೆರೆಯದೆ ಹಳೆಯದರಲ್ಲೇ ಮುಂದುವರಿಸಬೇಕು. ಮೆಟ್ಟಿಲು ಹತ್ತಲು ಹೆದರಿತು, ಗಂಡಸರಿಗಿಂತ ಹೆಂಗಸರ ಬಳಿ ಬೇಗ ಬಂತು, ಆ ಮನೆಯ ಮುದಿ ಬೆಕ್ಕಿನ ಪಕ್ಕದಲ್ಲೇ ಮಲಗುತ್ತಿತ್ತು ಎಂದು ಮರಳಿಸಲು ಬಂದವರು ಹೇಳುವ ಪ್ರತಿಯೊಂದು ಮಾತನ್ನೂ ಅವರು ಹೋಗುವ ಮೊದಲೇ ಬರೆದುಕೊಂಡು, ಅದೇ ಸಂಜೆ ಆ ಪ್ರಾಣಿಯ ಪರಿಚಯವನ್ನು ತಿದ್ದಿ ಬರೆದು, ಹೊಸ ಫೋಟೊ ಹಾಕಬೇಕು.